ಎಡಮೂಲೆಯ ಹಡಗು

ಕುಮಟೆಯಲ್ಲಿ ನಾನು ಹೋಗುವ ಕಣ್ಣಿನ ಡಾಕ್ಟರರ ಕ್ಲಿನಿಕ್ಕಿನ ಹಿಂಬದಿಗೆ ಕಿಟಕಿಯಿಲ್ಲದ ಒಂದು ಕೋಣೆಯಿದೆ. ದೊಡ್ಡ ಬಿಳಿ ಬೋಗುಣಿಯನ್ನು ನಮ್ಮ ಮುಖದ ಕಡೆಗೆ ತಿರುಗಿಸಿ ನಿಲ್ಲಿಸಿದಂಥ ಮಷೀನು ಅಲ್ಲಿದೆ. ಗದ್ದವನ್ನು ಪಟ್ಟಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿಸಿಕೊಂಡು, ನಡುವಿನ ಹಳದಿ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೆಲ್ಲೋ ಸಾಸಿವೆಯಷ್ಟು ಬೆಳಕು ಮೂಡಿ ಹೋಗುತ್ತದೆ. ಕಂಡಾಗ ಕೈಯಲ್ಲಿರುವ ಬಟನ್ ಒತ್ತಬೇಕು. ಕಣ್ಣು ಎಲ್ಲಿಯವರೆಗೆ ಕಾಣುತ್ತದೆ, ಎಲ್ಲಿ ಕಾಣುವುದನ್ನು ನಿಲ್ಲಿಸಿದೆ ಎಂದು ಕೊನೆಗೆ ಕಾಗದದ ಮೇಲೆ ಬರುತ್ತದೆ.

ಎರಡು ವರ್ಷದ ಹಿಂದೆ ಮೊದಲ ಸಲ ಅದರ ಮುಂದೆ ಕೂತಾಗ ನನಗೆ, ಟು ಬಿ ಫ್ರಾಂಕ್, ಖುಷಿಯಾಗಿತ್ತು. ಕತ್ತಲೆ, ಕೈಯಲ್ಲೊಂದು ಬಟನ್, ಎಲ್ಲಿಂದ ಬರುತ್ತದೋ ಗೊತ್ತಿಲ್ಲದ ಬೆಳಕು. ಇದು ನನಗೆ ಗೊತ್ತಿದ್ದ ಆಟ. ಗೆಲ್ಲಬೇಕು ಅನ್ನಿಸಿತು. ಕಣ್ಣು ಹೋಗುತ್ತಿದೆಯೋ ಇಲ್ಲವೋ ನೋಡಲು ಬಂದವಳು ಗೆಲ್ಲಬೇಕು ಅಂದುಕೊಂಡೆನಲ್ಲ, ಅದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಆ ಆಟ ನನಗೆ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ. ನಾನಾಗ ಭಟ್ಕಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹೊನ್ನಾವರದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದೆ. ನಮ್ಮದು ದೋಣಿಯ ಮನೆತನ. ಅಪ್ಪ ತಾಂಡೇಲ, ಅಂದರೆ ದೋಣಿಯ ಚುಕ್ಕಾಣಿ ಹಿಡಿದು ಉಳಿದವರನ್ನು ನಡೆಸುವವನು. ಅಂಥ ಮನೆಯ ಹುಡುಗಿಯನ್ನು ಕಾನ್ವೆಂಟಿನ ಸಿಸ್ಟರುಗಳು ಫೀಸಿಲ್ಲದೆ ಓದಿಸಿ, ಇಂಗ್ಲಿಷ್ ಕಲಿಸಿ, "ವಾಯ್ಸ್ ಚೆನ್ನಾಗಿದೆ" ಎಂದು ಈ ಕೆಲಸದ ಅರ್ಜಿ ತುಂಬಿಸಿದ್ದರು.

ನನ್ನೆದುರಿನ ಬೋರ್ಡಿನಲ್ಲಿ ಸಾಲುಸಾಲಾಗಿ ಪುಟ್ಟ ಮುಚ್ಚಳಗಳು. ಯಾರಾದರೂ ಫೋನ್ ತಿರುಗಿಸಿದರೆ ಅವರ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ಅಲ್ಲಿಗೆ ವೈರು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಒಂದು ವರ್ಷ ಕೂತ ಮೇಲೆ ಕಣ್ಣಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಮುಚ್ಚಳ ಬೀಳುವ ಮುಂಚೆ ಒಳಗೆಲ್ಲೋ ಸೊಳ್ಳೆಯಷ್ಟು ಸಣ್ಣ ಗುಂಯ್ ಎಂಬ ಸದ್ದಾಗುತ್ತಿತ್ತು. ಅದು ಕೇಳಿದ್ದೇ ಕೈ ಹೋಗುತ್ತಿತ್ತು. ಸೂಪರ್‌ವೈಸರ್ ನನ್ನನ್ನು ಹೊಸಬರಿಗೆ ತೋರಿಸುತ್ತಿದ್ದರು: "ನೋಡಿ, ನೋಡದೇ ಮಾಡ್ತಾಳೆ."

ಪ್ರತಿ ಶುಕ್ರವಾರ ಮಧ್ಯಾಹ್ನ ದುಬೈಯಿಂದ ಬಾಂಬೆಯ ಮೂಲಕ ಭಟ್ಕಳದ ಪಕ್ಕದ ಜಾಲಿಯ ಒಂದು ಮನೆಗೆ ಟ್ರಂಕ್ ಕಾಲ್ ಬರುತ್ತಿತ್ತು. ನವಾಯತ ಮುಸ್ಲಿಮರ ಮನೆ. ಗಂಡ ಅಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹೆಂಡತಿ ಅರ್ಧ ಗಂಟೆ ಮುಂಚಿನಿಂದಲೇ ಲೈನಿನ ಮೇಲಿದ್ದು ನನ್ನ ಜೊತೆ ಮಾತಾಡುತ್ತಿದ್ದಳು. ಮುಖ ನೋಡದ ಸ್ನೇಹ. ಒಂದು ಶುಕ್ರವಾರ ಅವಳೇ ಅಂದಳು:

"ಅರೇ ಟ್ರಂಕ್ ಬಾಯಿ, ನನ್ನ ಗಂಡನ ಧ್ವನಿ ನನಗಿಂತ ಜಾಸ್ತಿ ನೀವೇ ಕೇಳೀರಿ. ಇನ್ನು ನಿಮ್ಮ ಮುಖ ನೋಡದಿದ್ರೆ ನನಗೆ ನಿದ್ದೆ ಬರೂದಿಲ್ಲ. ನಾಳೆ ಚಾಕ್ಕೆ ಬನ್ನಿ."

"ಮುಖ ನೋಡಿ ಹೆದರ್ಬೇಡಿ ಮತ್ತೆ," ಅಂದೆ.

ಮಾರನೆಯ ದಿನ ಹೋದೆ. ಗಂಡಸರು ಬಾರದ ಹಿಂದಿನ ಕೋಣೆ. ಮೂಲೆಯಲ್ಲಿ ಅವಳ ಅತ್ತೆ ತಸಬೀ ಮಣಿ ಎಣಿಸುತ್ತ ಕೂತಿದ್ದರು. ನಡುವೆ ಲೇಸಿನ ಬಟ್ಟೆ ಹೊದೆಸಿದ ಟೀಪಾಯಿ, ಎರಡೂ ಕಡೆ ಒಂದೊಂದು ಕುರ್ಚಿ. ನನಗಿಂತ ಒಂದು ವರ್ಷಕ್ಕೆ ದೊಡ್ಡವಳೆಂದು ಗೊತ್ತಾದ ಮೇಲೆ ನಾನು ಅವಳನ್ನು ಆಪಾ ಎಂದೇ ಕರೆದೆ. ಅವಳು ಚಾ ಕಪ್ಪುಗಳನ್ನು ಎತ್ತಿಟ್ಟು, ಲೇಸಿನ ಬಟ್ಟೆ ಸರಿಸಿ, ಕೆಳಗೆಲ್ಲೋ ಕೈ ಹಾಕಿದಳು. ಟೀಪಾಯಿಯ ಗಾಜಿನ ಕೆಳಗೆ ಕತ್ತಲೆ ಹೊತ್ತಿಕೊಂಡಿತು. ಹಾಗೆಯೇ ಹೇಳಬೇಕು, ಬೇರೆ ಮಾತಿಲ್ಲ. ಕಪ್ಪು ಗಾಜು ಇನ್ನೂ ಕಪ್ಪಾಗಿ, ಆಳವಾಗಿ, ಅದರೊಳಗೆ ಚುಕ್ಕಿಗಳು ಎದ್ದವು.

"ಹೋಟೆಲಿನವರು ಹಳೇದು ಅಂತ ಹೊರಗೆ ಹಾಕಿದ್ದು. ನಮ್ಮವರು ಟೀಪಾಯಿ ಅಂತ ಹೇಳಿ ಹಡಗಿಗೆ ಹಾಕಿಸಿದ್ರು. ಸುಳ್ಳಲ್ಲ ಬಿಡಿ, ಟೀಪಾಯೇ."

ಒಳಗೆ ಟಿವಿಯಂಥ ಪರದೆ, ಎರಡೂ ಕಡೆ ಹಿಡಿಕೆ, ಬಟನ್; ಎದುರುಬದುರು ಕೂತು ಇಬ್ಬರು ಸರದಿಯಲ್ಲಿ ಆಡುವ ವಿಡಿಯೋ ಗೇಮ್. ಒಬ್ಬಳ ಹಡಗು ಒಡೆದ ಕೂಡಲೇ ಚಿತ್ರವಿಡೀ ತಿರುಗಿ ಇನ್ನೊಬ್ಬಳ ಕಡೆಗೆ ನೆಟ್ಟಗಾಗುತ್ತಿತ್ತು. ನನ್ನ ಕಡೆಯ ಅಂಚಿನಲ್ಲಿ ನನ್ನ ಹಡಗು, ಒಂಟಿ. ಆಚೆ ಅಂಚಿನಿಂದ ಹುಳುಗಳಂಥ ಶತ್ರು ಹಡಗುಗಳ ಸಾಲು. ಅವು ಸುಮ್ಮನೆ ನಿಂತಿರುತ್ತವೆ ಅಂದುಕೊಂಡರೆ, ಮೂಲೆಯಿಂದ ಒಂದು ಕಳಚಿಕೊಂಡು ಬಾಗಿ ಬಂದು ಎರಗುತ್ತದೆ. ಹಿನ್ನೆಲೆಯಲ್ಲಿ ಎದೆ ಬಡಿತದಂಥ ಒಂದು ಸದ್ದು. ಸಾಲು ಹತ್ತಿರ ಬಂದಷ್ಟೂ ಬಡಿತ ಬೇಗ. ಮೊದಲ ಸಲ ಮೂರೇ ನಿಮಿಷದಲ್ಲಿ ಸತ್ತೆ. ಬೆನ್ನೆಲ್ಲ ಬೆವರಿತ್ತು. ಎದ್ದೇಳಲು ಮನಸ್ಸೇ ಬರಲಿಲ್ಲ.

ಯಾವ ಮದುವೆ, ಯಾವ ಹಬ್ಬ, ಯಾವ ಪ್ರಮೋಷನ್ನೂ ನನಗೆ ಕೊಡದ ಒಂದು ಎಚ್ಚರ ಅಲ್ಲಿ ಸಿಕ್ಕಿತು. ಶನಿವಾರದ ಡ್ಯೂಟಿ ಮುಗಿದರೆ ಜಾಲಿ. ಇಬ್ಬರೂ ಮಕ್ಕಳ ತಾಯಂದಿರು, ಕಿರುಚುತ್ತ ಬೈಯುತ್ತ ಆಡುತ್ತಿದ್ದೆವು. ಅತ್ತೆ ತಸಬೀ ನಿಲ್ಲಿಸದೆ ಕೇಳುವರು, "ಇವತ್ತು ಎಷ್ಟು ಕೊಂದ್ರಿ?" ಆಪಾ ಹೇಳುವಳು, "ಈ ಬಾಯಿ ಕಾನ್ವೆಂಟಲ್ಲಿ ಪ್ರಾರ್ಥನೆ ಕಲಿತದ್ದೋ ಬಂದೂಕು ಕಲಿತದ್ದೋ ಕೇಳಿ." ಅವಳು ನೋಡಿ ಹೊಡೆಯುತ್ತಿದ್ದಳು. ನಾನು ಕೇಳಿ ಹೊಡೆಯುತ್ತಿದ್ದೆ. ಎಡಮೂಲೆಯ ಹಡಗು ಕಳಚುವ ಮುಂಚೆ ಮಷೀನು ಕೀರಲಾಗಿ ಒಂದು ಎಳೆ ಸದ್ದು ಮಾಡುತ್ತಿತ್ತು. ಅದು ಕಾಣಿಸುವಷ್ಟರಲ್ಲಿ ನನ್ನ ಗುಂಡು ದಾರಿಯಲ್ಲಿರುತ್ತಿತ್ತು. ಆ ಬೇಟೆ ನನ್ನ ಸ್ಪೆಷಾಲಿಟಿ.

ಆದರೆ ಆ ಆಟದಲ್ಲಿ ಗೆಲುವು ಎಂಬುದು ಇರಲಿಲ್ಲ. ಸಾಲು ಮುಗಿದರೆ ಮತ್ತೊಂದು ಸಾಲು, ಇನ್ನೂ ಬೇಗ. ಎಷ್ಟು ಹೊತ್ತು ತಡೆದು ನಿಲ್ಲಿಸಿದೆ ಅನ್ನುವುದಷ್ಟೇ.

ಮನೆಯಲ್ಲಿ ಅಪ್ಪನಿಗೆ ಮಾತ್ರ ಈ ವಿಷಯ ಹೇಳಿದೆ. ಅವನಿಗೆ ಆಗ ಪೂರ್ತಿ ಕಣ್ಣು ಹೋಗಿತ್ತು. ಜಗಲಿಯ ಕಂಬಕ್ಕೊರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಮೆಚ್ಚಲಿಲ್ಲ, ಬೈಯಲೂ ಇಲ್ಲ. ಕೇಳಿದ:

"ಎಡಗಡೆಯಿಂದ ಬರೂದು ನಿಂಗೆ ಕಾಣ್ತದ್ಯ ಮಗಾ?"

"ಕಾಣ್ತದೆ ಅಪ್ಪಾ. ಎಂತಕ್ಕೆ?"

"ಕಾಣ್ತದ್ಯೋ, ಕೇಳ್ತದ್ಯೋ?"

ನಾನು ಎದ್ದು ಒಳಗೆ ಹೋದೆ. ಅವನು ಯಾಕೆ ಕೇಳಿದ ಎಂದು ನನಗೆ ಗೊತ್ತಿತ್ತು.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಬಾಯಿಗೆ ಅಳಿವೆ ಅನ್ನುತ್ತೇವೆ. ಅಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬ. ಪ್ರತಿ ಮಳೆಗಾಲ ಕಳೆದ ಮೇಲೆ ಅದು ಜಾಗ ಬದಲಿಸಿರುತ್ತದೆ. ಎರಡೂ ಪಕ್ಕ ತೆರೆ ಒಡೆಯುವ ಬಿಳಿ ನೊರೆ ನೋಡಿ, ನಡುವಿನ ದಾರಿ ಹಿಡಿದು ದೋಣಿ ತರಬೇಕು. ಅಪ್ಪನ ದೋಣಿಯಲ್ಲಿ ಒಂದು ಕಟ್ಟಳೆಯಿತ್ತು. ಅಳಿವೆ ದಾಟುವಾಗ ಯಾರೂ ತುಟಿ ಬಿಚ್ಚಬಾರದು. ಬೀಡಿ ಹಚ್ಚಬಹುದು, ಕೆಮ್ಮಬಾರದು. ಅದು ಸಮುದ್ರಕ್ಕೆ ತೋರಿಸುವ ಮರ್ಯಾದೆ ಎಂದು ದೋಣಿಯವರೆಲ್ಲ ನಂಬಿದ್ದರು. ಬೇರೆ ದೋಣಿಯವರೂ ಅದನ್ನು ನೋಡಿ ಕೈ ಮುಗಿಯುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಅದರ ಮೇಲೆ ಒಂದು ಕಾಂಪೋಸಿಷನ್ ಬರೆದು ಭೇಷ್ ಅನ್ನಿಸಿಕೊಂಡಿದ್ದೆ.

ನಾನು ಹತ್ತನೆಯ ಕ್ಲಾಸಿನಲ್ಲಿದ್ದ ವರ್ಷ ದೋಣಿಗೆ ಇಂಜಿನ್ ಕೂರಿಸಿದರು. ಎಲ್ಲರಿಗೂ ಸಂಭ್ರಮ, ಅಪ್ಪನೊಬ್ಬ ಬೇಡ ಬೇಡ ಅಂದ. ಹಟಮಾರಿ ಮುದುಕ ಎಂದು ಚಿಕ್ಕಪ್ಪ ನಕ್ಕ. ಅಪ್ಪನಿಗಾಗ ಐವತ್ತೂ ಆಗಿರಲಿಲ್ಲ. ಇಂಜಿನ್ ಬಂದ ಒಂಬತ್ತನೆಯ ದಿನ, ಹಾಡುಹಗಲು, ತಿಳಿ ಆಕಾಶ, ದೋಣಿ ಅಳಿವೆಯ ಎಡದಿಬ್ಬಕ್ಕೆ ನೇರ ಹೋಗಿ ಬಡಿಯಿತು. ದಡದ ಮೇಲಿದ್ದ ಹೆಂಗಸರಿಗೆಲ್ಲ ಆ ನೊರೆ ಕಾಣುತ್ತಿತ್ತು. "ಬಲಕ್ಕೆ, ಬಲಕ್ಕೆ" ಎಂದು ಅವರು ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಉಳಿದವರು ಈಜಿ ಬಂದರು. ಚಿಕ್ಕಪ್ಪ ಮೂರನೆಯ ದಿನ ಸಿಕ್ಕಿದ.

ಕುಮಟೆಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು, ಕಣ್ಣಿನ ಒತ್ತಡದ ಕಾಯಿಲೆ, ನೋವಿಲ್ಲದೆ ಪಕ್ಕದಿಂದ ತಿನ್ನುತ್ತ ಬರುತ್ತದೆ, ಹೋದದ್ದು ಬರುವುದಿಲ್ಲ, ಮಕ್ಕಳಿಗೂ ಬರಬಹುದು ಎಂದರು. ಅಪ್ಪ ಆಗ ಮೊದಲ ಬಾರಿ ಬಾಯಿಬಿಟ್ಟ. "ಎಡಗಡೆ ಇಲ್ದೆ ಎರಡು ವರ್ಷ ಆತು. ತೆರೆ ಒಡೆಯೂ ಸಪ್ಪಳ ಹಿಡ್ಕಂಡು ಬತ್ತಿದ್ದೆ."

ಸುಮ್ಮನಿರಬೇಕೆಂಬ ಕಟ್ಟಳೆ ಅದಕ್ಕಾಗಿತ್ತು.

ಇದೆಲ್ಲ ಗೊತ್ತಿದ್ದವಳು ನಾನು. ಎರಡು ವರ್ಷದ ಹಿಂದೆ ಕನ್ನಡಕ ಬದಲಿಸಲು ಹೋದಾಗ ಡಾಕ್ಟರು, "ಕಣ್ಣಿನ ಪ್ರೆಷರ್ ಜಾಸ್ತಿಯಿದೆ ಅಮ್ಮಾ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತಾ?" ಎಂದು ಕೇಳಿದರು. "ಇಲ್ಲ," ಅಂದೆ. ಯಾಕೆ ಹಾಗೆಂದೆ? ಹೌದು ಅಂದರೆ ಅದು ಕೋಣೆಯೊಳಗೆ ಬಂದುಬಿಡುತ್ತದೆ ಅನ್ನುವ ಹಾಗೆ.

ಆಮೇಲೆ ಆ ಕತ್ತಲೆ ಕೋಣೆ, ಆ ಬಟನ್. ಟೆಸ್ಟ್ ಮಾಡುವ ಹುಡುಗಿ ಹೇಳಿಕೊಟ್ಟು ಹಿಂದೆ ಕೂತಳು. ಎರಡು ನಿಮಿಷದಲ್ಲಿ ನನಗೆ ಮಷೀನಿನ ಗುಟ್ಟು ಸಿಕ್ಕಿತು. ಬೆಳಕು ಮೂಡುವ ಮುಂಚೆ ಒಳಗಿನ ಮೋಟರು ಸಣ್ಣಗೆ ತಿರುಗುತ್ತಿತ್ತು. ಗುಂಯ್. ಅದರ ಹಿಂದೆಯೇ ಬೆಳಕು. ಬೆಳಕು ಕಾಣದಿದ್ದರೂ ಸದ್ದು ಬಂದಿತ್ತಲ್ಲ, ಒತ್ತಿದೆ. ಎಡಕ್ಕೆ ಏನೂ ಕಾಣದೆ ಸದ್ದು ಬಂದಾಗಲೂ ಒತ್ತಿದೆ. ಬೆರಳು ತಾನೇ ಒತ್ತುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ನಾನೇ ಒತ್ತಿದ್ದು.

"ಅಜ್ಜೀ, ಭಾರೀ ಫಾಸ್ಟ್ ಇದ್ದೀರಿ," ಎಂದು ಹುಡುಗಿ ನಕ್ಕಳು. ಡಾಕ್ಟರು ನಗಲಿಲ್ಲ. "ಬೆಳಕು ಇಲ್ಲದಾಗಲೂ ಒತ್ತಿದ್ದೀರಿ. ಮಷೀನು ನಡುನಡುವೆ ಬರೀ ಸದ್ದು ಮಾಡಿ ಪರೀಕ್ಷಿಸುತ್ತದೆ. ಈ ರಿಪೋರ್ಟ್ ನಂಬೋ ಹಾಗಿಲ್ಲ. ಡ್ರಾಪ್ಸ್ ಹಾಕ್ಕೊಂಡು ಒಂದು ತಿಂಗಳಿಗೆ ಮತ್ತೆ ಬನ್ನಿ."

ಹೊರಗೆ ಕಾಯುತ್ತಿದ್ದ ಮಗಳು ಕೇಳಿದಳು, "ಎಂತ ಹೇಳಿದ್ರು ಆಯಿ?"

"ಎಲ್ಲ ನಾರ್ಮಲ್. ವಯಸ್ಸಿಗೆ ಇಷ್ಟು ಫಾಸ್ಟ್ ಯಾರೂ ಇಲ್ಲ ಅಂದ್ರು."

ಡ್ರಾಪ್ಸ್ ಉರಿಯುತ್ತಿತ್ತು. ಒಂದು ಬಾಟಲಿ ಮುಗಿಸಿ ಬಿಟ್ಟೆ. ಮತ್ತೆ ಹೋಗಲಿಲ್ಲ.

ನನ್ನ ಹತ್ತಿರ ಒಂದು ಗೇರಿಲ್ಲದ ಸ್ಕೂಟರ್ ಇದೆ. ಮಗಳು ಸ್ಕೂಲಿನಲ್ಲಿ ಟೀಚರ್, ಬೇಗ ಹೊರಡುತ್ತಾಳೆ. ಅವಳ ಆರು ವರ್ಷದ ಮಗಳನ್ನು ದಿನಾ ಬೆಳಿಗ್ಗೆ ಮುಂದೆ ನಿಲ್ಲಿಸಿಕೊಂಡು, ಹೈವೇ ದಾಟಿ, ಮಗುವಿನ ಸ್ಕೂಲಿಗೆ ಬಿಡುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ಅಜ್ಜಿ ಗಾಡಿ ಓಡಿಸುತ್ತಾಳೆ ಎಂದು ಪೇಟೆಯಲ್ಲಿ ನನಗೊಂದು ಹೆಸರೂ ಇತ್ತು. ಈ ಎರಡು ವರ್ಷದಲ್ಲಿ ವಸ್ತುಗಳು ಎಡಗಡೆಯಿಂದ ಥಟ್ಟನೆ ಹುಟ್ಟತೊಡಗಿದ್ದವು. ಒಂದು ನಾಯಿ. ಒಂದು ಸೈಕಲ್. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಕಣ್ಣು ಮನೇಲಿಟ್ಟು ಬಂದೀಯೇನೇ?" ಎಂದು ಬೈದು ಹೋದಳು. ಜನಕ್ಕೆ ರಸ್ತೆಯ ಮೇಲೆ ನಡೆಯುವುದೇ ಗೊತ್ತಿಲ್ಲ ಎಂದು ನಾನು ಗೊಣಗುತ್ತಿದ್ದೆ.

ಈ ಸಲದ ಬೇಸಿಗೆ ರಜೆಗೆ ಮುಂಚಿನ ಒಂದು ಸಂಜೆ ಊಟಕ್ಕೆ ಕೂತಾಗ ಮಗು ತಾಯಿಯ ಹತ್ತಿರ ದೂರು ಹೇಳಿತು.

"ಅಮ್ಮಾ, ಅಜ್ಜಿ ಗಾಡಿ ಮೇಲೆ ಮಾತಾಡೂಕೇ ಬಿಡೂದಿಲ್ಲ. ಹಾಡು ಹೇಳಿದ್ರೂ 'ಶ್' ಅಂತದೆ."

"ಎಂತಕ್ಕೆ ಆಯಿ? ಪಾಪ, ಮಾತಾಡ್ಲಿ ಬಿಡು."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾವಾಗಿನಿಂದ ನಾನು ಮಗುವನ್ನು ಸುಮ್ಮನಿರಿಸಲು ಶುರು ಮಾಡಿದ್ದೆ? ನೆನಪಾಗಲಿಲ್ಲ. ಹೈವೇಯ ಹತ್ತಿರ ಬಂದಾಗಲೆಲ್ಲ ನಾನು ಲಾರಿಗಳನ್ನು ಕೇಳಿಸಿಕೊಳ್ಳುತ್ತಿದ್ದೆ.

"ಡಿಸ್ಟ್ರಾಕ್ಷನ್ ಆಗ್ತದೆ," ಅಂದೆ. ಮಗಳು ಒಪ್ಪಿದಳು. ನಾನು ಒಪ್ಪಲಿಲ್ಲ. ಆದರೂ ಮಾರನೆಯ ದಿನ ಗಾಡಿ ತೆಗೆದೆ, ಮಗುವನ್ನು ನಿಲ್ಲಿಸಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯುತ್ತಿದ್ದೇನೆ.

ಆ ವಾರವೇ ಆಪಾಳ ಫೋನ್ ಬಂತು. "ಟ್ರಂಕ್ ಬಾಯಿ, ಇಷ್ಟು ವರ್ಷ ಕೆಟ್ಟು ಬಿದ್ದಿದ್ದ ನಮ್ಮ ಟೀಪಾಯಿಗೆ ಜೀವ ಬಂದದೆ. ಟಿವಿ ರಿಪೇರಿಯವನೊಬ್ಬ ನಾಲ್ಕು ದಿನ ಒಳಗೆ ಕೈ ಹಾಕಿ ಎಬ್ಬಿಸಿದ್ದಾನೆ. ಬನ್ನಿ, ನಿಮ್ಮನ್ನು ಕೊಲ್ಲದೆ ಎಷ್ಟು ವರ್ಷ ಆಯ್ತು."

ಬಸ್ಸಿನಲ್ಲಿ ಹೋದೆ. ಜಾಲಿಯ ಅದೇ ಹಿಂದಿನ ಕೋಣೆ. ಅತ್ತೆಯ ಮೂಲೆ ಖಾಲಿ. ಈಗ ತಸಬೀ ಆಪಾಳ ಕೈಯಲ್ಲಿ. ಲೇಸಿನ ಬಟ್ಟೆ ಸರಿಯಿತು, ನುಸಿಗುಳಿಗೆಯ ವಾಸನೆ ಎದ್ದಿತು, ಕತ್ತಲೆ ಹೊತ್ತಿಕೊಂಡಿತು. ಆದರೆ ಸದ್ದಿಲ್ಲ. ಉಪ್ಪುಗಾಳಿಗೆ ಸ್ಪೀಕರು ತುಕ್ಕು ಹಿಡಿದು ಹೋಗಿ, ರಿಪೇರಿಯವನು ಅದನ್ನು ಕಿತ್ತು ಹಾಕಿದ್ದನಂತೆ. ಎದೆ ಬಡಿತವಿಲ್ಲದೆ ಆ ಸಾಲುಗಳು ಇಳಿಯುವುದನ್ನು ನೋಡುವುದು ಇನ್ನೂ ಭಯಂಕರವಾಗಿತ್ತು.

ಮೊದಲ ಆಟ, ನಾನು ಸತ್ತೆ. ಎರಡನೆಯದು, ಸತ್ತೆ. ಪ್ರತಿ ಸಲವೂ ಏನೂ ಇಲ್ಲದ ಜಾಗದಿಂದ ಬಂದು ಏನೋ ನನ್ನ ಹಡಗನ್ನು ಒಡೆಯುತ್ತಿತ್ತು.

"ಎಡಮೂಲೆದು ನಿಮ್ಮ ಬೇಟೆ ಅಲ್ವಾ? ಬಂದದ್ದು ನೋಡ್ತಾ ಕೂತೀರಲ್ಲ," ಅಂದಳು ಆಪಾ.

"ನಿಮ್ಮ ರಿಪೇರಿಯವ ಮೋಸ ಮಾಡಿದಾನೆ ಆಪಾ. ಪಿಕ್ಚರ್ ಟ್ಯೂಬ್ ಆ ಮೂಲೇಲಿ ಹೋಗಿದೆ. ಅಲ್ಲಿ ಬರೀ ಕಪ್ಪು."

"ಕಪ್ಪಾ? ನನಗೆ ಕಾಣ್ತದಲ್ಲ."

"ನಿಮ್ಮ ಎಡ ಬೇರೆ ಮೂಲೆ. ನನ್ನ ಕಡೇದು ಹೋಗಿದೆ. ಬನ್ನಿ, ಕುರ್ಚಿ ಬದಲಾಯಿಸುವ."

ನಾವು ಎದ್ದು ಕುರ್ಚಿ ಬದಲಾಯಿಸಿದೆವು. ಆಪಾ ನನ್ನ ಕುರ್ಚಿಯಲ್ಲಿ ಕೂತು ಆಡಿದಳು. ನಾನು ಕೆಟ್ಟಿದೆ ಅಂದ ಮೂಲೆಯಿಂದ ಇಳಿದ ಹಡಗುಗಳನ್ನು ಒಂದೊಂದಾಗಿ ಹೊಡೆದಳು. ಆಮೇಲೆ ಚಿತ್ರ ತಿರುಗಿ ನನ್ನ ಕಡೆಗೆ ನೆಟ್ಟಗಾಯಿತು. ಈಗ ನನ್ನ ಎಡಕ್ಕಿದ್ದದ್ದು ಆಪಾಳ ಒಳ್ಳೆಯ ಮೂಲೆ, ಅಷ್ಟು ಹೊತ್ತು ಅವಳು ಎಲ್ಲವನ್ನೂ ಕಂಡಿದ್ದ ಮೂಲೆ.

ಅಲ್ಲೂ ಬರೀ ಕಪ್ಪು.

ನನ್ನ ಹಡಗು ಒಡೆಯಿತು. ಸದ್ದಿಲ್ಲದೆ. ಆಪಾ ತಸಬೀ ಕೆಳಗಿಟ್ಟಳು. ತಮಾಷೆ ಮಾಡಲಿಲ್ಲ. ನನ್ನ ಮುಖದ ಎಡಗಡೆಗೆ ಕೈ ತಂದು ಬೆರಳಾಡಿಸಿದಳಂತೆ. ಆಡಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಅವಳ ಬಳೆಯ ಸದ್ದು.

"ಬಾಯಿ, ಇದು ಟೀಪಾಯಿದಲ್ಲ."

"ಗೊತ್ತು ಆಪಾ."

"ಯಾವಾಗಿಂದ ಗೊತ್ತು?"

ಅಪ್ಪ ಜಗಲಿಯಲ್ಲಿ ಕೂತು ಕೇಳಿದ ಹಾಗೆಯೇ ಕೇಳಿದಳು. ಈ ಸಲ ನಾನು ಒಳಗೆ ಎದ್ದು ಹೋಗಲು ಅದು ನನ್ನ ಮನೆಯಾಗಿರಲಿಲ್ಲ. ಎಲ್ಲ ಹೇಳಿದೆ. ಅಳಿವೆ, ಚಿಕ್ಕಪ್ಪ, ಬಟನ್, ಮುಂದೆ ನಿಂತ ಮಗು. ಅವಳು ಒಂದೇ ಮಾತು ಕೇಳಿದಳು: "ನಾಳೆ ಬೆಳಿಗ್ಗೆ ಆ ಮಗೂನ ಯಾರು ಬಿಡ್ತಾರೆ?"

ಮಾರನೆಯ ದಿನ ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲ ಎಂದೆ. ಕೊನೆಯ ಸುಳ್ಳು. ಮಗು ಆಟೋದಲ್ಲಿ ಹೋಯಿತು, ದಾರಿಯುದ್ದಕ್ಕೂ ಹಾಡಿತಂತೆ. ಎರಡು ದಿನ ಬಿಟ್ಟು, ಮಗಳನ್ನು ಕರೆದುಕೊಂಡು ಕುಮಟೆಗೆ ಹೋದೆ. ಡಾಕ್ಟರರಿಗೆ ಅಪ್ಪನ ವಿಷಯ ಹೇಳಿದೆ. ಪಕ್ಕದಲ್ಲಿದ್ದ ಮಗಳ ಮುಖ ನನ್ನ ಎಡಕ್ಕಿತ್ತು, ನೋಡಲು ಪೂರ್ತಿ ತಿರುಗಬೇಕಾಯಿತು. ತಿರುಗಲಿಲ್ಲ.

ಕತ್ತಲೆ ಕೋಣೆಯಲ್ಲಿ ಅದೇ ಹುಡುಗಿ. "ಓ, ಫಾಸ್ಟ್ ಅಜ್ಜಿ," ಅಂದಳು.

"ಮಗಾ, ಸ್ವಲ್ಪ ಹತ್ತಿ ಕೊಡು."

"ಹತ್ತಿ ಎಂತಕ್ಕೆ ಅಜ್ಜಿ?"

"ಕಿವಿಗೆ."

ಅವಳಿಗೆ ಅರ್ಥವಾಗಲಿಲ್ಲ, ಕೊಟ್ಟಳು. ಎರಡೂ ಕಿವಿಗೆ ಒತ್ತಿ ತುಂಬಿಕೊಂಡೆ. ಗದ್ದ ಪಟ್ಟಿಯ ಮೇಲಿಟ್ಟೆ. ಹಳದಿ ದೀಪ. ಬಲಕ್ಕೆ ಬೆಳಕು, ಒತ್ತಿದೆ. ಕೆಳಗೆ, ಒತ್ತಿದೆ. ಬಲಕ್ಕೆ ಮತ್ತೊಂದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಎಷ್ಟು ಹೊತ್ತು ಇತ್ತು! ಮಷೀನು ಈಗ ಎಡಕ್ಕೆ ಒಂದಾದ ಮೇಲೊಂದು ಬೆಳಕು ಬಿಡುತ್ತಿದೆ ಎಂದು ನನಗೆ ಗೊತ್ತಿತ್ತು. ಹೆಬ್ಬೆರಳು ಬಟನ್ನಿನ ಮೇಲೇ ಇತ್ತು. ಒತ್ತಿದರೆ ಒಂದು ಬೆಳಕು ನನ್ನದಾಗುತ್ತಿತ್ತು. ಹತ್ತಿಯ ಒಳಗೆ ನನ್ನದೇ ರಕ್ತದ ಸದ್ದು, ಹಳೆಯ ಆಟದ ಬಡಿತದ ಹಾಗೆ, ಬೇಗಬೇಗ. ಒತ್ತಲಿಲ್ಲ.

ಕಾಗದ ಬಂತು. ಎರಡೂ ಕಣ್ಣಿನ ಚಿತ್ರ, ಎರಡರಲ್ಲೂ ಎಡಕ್ಕೆ ಮೇಲೆ, ಮಸಿ ಚೆಲ್ಲಿದಂತೆ. "ಇದು ನಂಬೋ ರಿಪೋರ್ಟ್," ಅಂದರು ಡಾಕ್ಟರು. "ಹೋದದ್ದು ಬರೂದಿಲ್ಲ. ಉಳಿದದ್ದನ್ನು ಹಿಡಿಯುವಾ. ಡ್ರಾಪ್ಸ್ ಒಂದು ದಿನವೂ ತಪ್ಪಬಾರದು. ನಿಮ್ಮ ಮಗಳನ್ನೂ ಇವತ್ತೇ ಚೆಕ್ ಮಾಡುವಾ."

ಮಗಳು ಟೆಸ್ಟಿಗೆ ಒಳಗೆ ಹೋದಳು. ನಾನು ಬೆಂಚಿನ ಮೇಲೆ ಕೂತು, ಬಾಗಿಲಿನ ಆಚೆಯಿಂದ ಗುಂಯ್ ಎಂಬ ಸದ್ದು ಕೇಳುತ್ತದೆಯೋ ಎಂದು ಕಿವಿ ಕೊಟ್ಟೆ. ಆಮೇಲೆ ಹತ್ತಿ ಇನ್ನೂ ಕಿವಿಯಲ್ಲೇ ಇದೆ ಎಂದು ನೆನಪಾಯಿತು. ತೆಗೆಯಲಿಲ್ಲ.

ಅವಳದು ಸರಿಯಿತ್ತು. ಈ ವರ್ಷಕ್ಕೆ, ಎಂದರು ಡಾಕ್ಟರು. ಹೊರಗೆ ಬಂದು ಪರ್ಸಿನಿಂದ ಸ್ಕೂಟರಿನ ಕೀ ತೆಗೆದು ಮಗಳ ಕೈಗೆ ಕೊಟ್ಟೆ. ಅವಳು ಅದನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಎರಡು ವರ್ಷ, ಆಯಿ. ದಿನಾ ಅವಳನ್ನು ಮುಂದೆ ನಿಲ್ಲಿಸ್ಕಂಡು."

ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ಪೇಟೆಯ ರಸ್ತೆ, ಎಲ್ಲ ಕಡೆಯಿಂದ ಹಾರ್ನು. ಅವಳು ಸಿಟ್ಟಿನಿಂದ ಬಲಕ್ಕೆ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದಳು. ದಾಟುವ ಜಾಗ ಬಂದಾಗ ನಾನು ನಿಂತುಬಿಟ್ಟೆ.

"ನೀ ಎಡಗಡೆ ಬಾ ಮಗಾ," ಅಂದೆ.

ಅವಳು ತಿರುಗಿ ನೋಡಿದಳು. ಹಿಂದಿನಿಂದ ಸುತ್ತಿ ಬಂದು, ನನಗೆ ಕಾಣದಲ್ಲಿ ನಿಂತು, ರಟ್ಟೆ ಹಿಡಿದಳು. ಬಿಗಿಯಾಗಿ, ನೋಯುವಷ್ಟು.